ಹಣೆಯ ಸುಳಿ ಇದ್ದವರ ಮುಂಗುರುಳು: ಬೆಳಗಾವಿಯ ಪಾರ್ಲರುಗಳಲ್ಲಿ ಯಾವ ಸೇವೆಗೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಮುಂಗುರುಳು ಬಿಡಿಸಿಕೊಳ್ಳಲು ಹೋದಾಗ ಪಾರ್ಲರಿನವರ ಕೈಚಳಕ ಗೊತ್ತಾಗುವುದು ಕತ್ತರಿ ಆಡಿಸುವಾಗ ಅಲ್ಲ, ಅದಕ್ಕೂ ಮೊದಲಿನ ಹತ್ತು ನಿಮಿಷದಲ್ಲಿ. ಹಣೆಯ ಮೇಲೆ ಸುಳಿ ಇದ್ದವರ ಮಟ್ಟಿಗಂತೂ ಆ ಹತ್ತು ನಿಮಿಷವೇ ಎಲ್ಲ. ಕೂದಲನ್ನು ಮುಂದಕ್ಕೆ ಬಾಚಿ, ಅಲುಗಾಡಿಸಿ, ತಾನಾಗಿ ಎಲ್ಲಿ ಬಿರಿಯುತ್ತದೆ, ಯಾವ ಕಡೆ ವಾಲುತ್ತದೆ ಎಂದು ನೋಡಿದವರು ಒಳ್ಳೆಯ ಕೆಲಸ ಮಾಡಿಕೊಡುತ್ತಾರೆ. ನೋಡದೆಯೇ ನೀರು ಚಿಮುಕಿಸಿ, ಎರಡು ಬೆರಳ ನಡುವೆ ಬಿಗಿಯಾಗಿ ಎಳೆದು ಹಿಡಿದು, ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರೆ ಕನ್ನಡಿಯ ಮುಂದೆ ಚಂದ ಕಾಣುತ್ತದೆ. ಮನೆಗೆ ಬಂದು ಒಣಗಿದ ಮೇಲೆ ನಡುವೆ ಸೀಳು ಬಿಟ್ಟು, ಒಂದು ಪಾಲು ಮೇಲಕ್ಕೆದ್ದು ನಿಂತಿರುತ್ತದೆ.

ಇದು ಒಂದು ಅಂಗಡಿಯ ವಿಮರ್ಶೆಯಲ್ಲ, ಒಂದು ಸೇವೆಯ ವಿಮರ್ಶೆ. ಟಿಳಕವಾಡಿಯಿಂದ ಶಹಾಪುರ, ವಡಗಾವಿಯವರೆಗೆ, ಕ್ಯಾಂಪಿನ ಕಟಿಂಗ್ ಅಂಗಡಿಗಳಿಂದ ಹೊಸ ಯುನಿಸೆಕ್ಸ್ ಸಲೂನುಗಳವರೆಗೆ ‘ಫ್ರಂಟ್ ಕಟ್’, ‘ಫ್ಲಿಕ್ಸ್’, ‘ಬ್ಯಾಂಗ್ಸ್’, ‘ಫ್ರಿಂಜ್’ ಎಂಬ ಹೆಸರುಗಳಲ್ಲಿ ಸಿಗುವ ಕೆಲಸ ಸುಳಿ ಇದ್ದವರಿಗೆ ಎಷ್ಟು ಒದಗುತ್ತದೆ, ಅದರ ಜೊತೆಗೆ ಮಾರುವ, ಕೂದಲು ನೇರ, ನುಣುಪು ಮಾಡುವ ಸ್ಮೂದನಿಂಗ್, ಕೆರಟಿನ್, ಕೂದಲು ಕೂರಿಸುವ ಸೆಟ್ಟಿಂಗ್ ಸಾಮಾನುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲು ಸುಳಿ ಎಂದರೇನು ಎಂಬುದು ಖಚಿತವಾಗಬೇಕು. ಕೂದಲಿನ ಬುಡ ಚರ್ಮದೊಳಗೆ ನೆಟ್ಟಗೆ ಇರುವುದಿಲ್ಲ, ಓರೆಯಾಗಿರುತ್ತದೆ. ಆ ಓರೆ ಅಕ್ಕಪಕ್ಕದ ಕೂದಲುಗಳಲ್ಲಿ ಒಂದೇ ದಿಕ್ಕಿಗೆ ಇದ್ದರೆ ಕೂದಲು ಸರಾಗವಾಗಿ ಬೀಳುತ್ತದೆ. ದಿಕ್ಕು ತಿರುಗಿದ ಕಡೆ ಹೊಳೆಯ ನೀರಿನ ಸುಳಿಯಂತೆಯೇ ಸುತ್ತು ಮೂಡುತ್ತದೆ. ಬಹುಪಾಲು ಜನರಿಗೆ ನೆತ್ತಿಯ ಹಿಂಭಾಗದಲ್ಲಿ ಒಂದು ಸುಳಿ ಇದ್ದೇ ಇರುತ್ತದೆ, ಅದೂ ಹೆಚ್ಚಾಗಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಕೆಲವರಿಗೆ ಹಣೆಯಂಚಿನಲ್ಲೂ ಇರುತ್ತದೆ. ಮುಂಗುರುಳನ್ನು ಕಾಡುವುದು ಈ ಹಣೆಯ ಸುಳಿ. ಇದು ಮಗು ಹೊಟ್ಟೆಯಲ್ಲಿರುವಾಗಲೇ, ಕೂದಲ ಬುಡಗಳು ರೂಪುಗೊಳ್ಳುವ ಹೊತ್ತಿಗೇ ತೀರ್ಮಾನವಾಗುವ ಸಂಗತಿ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಜವಳ ತೆಗೆಸಿದರೂ ಅಷ್ಟೇ, ದೊಡ್ಡವರಾದ ಮೇಲೆ ಬೋಳಿಸಿದರೂ ಅಷ್ಟೇ, ಬುಡದ ಓರೆ ಬದಲಾಗದು. ಅದೇ ಸುಳಿ, ಅದೇ ದಿಕ್ಕಿನಲ್ಲಿ ಮತ್ತೆ ಬರುತ್ತದೆ. ಆದ್ದರಿಂದ ‘ಸುಳಿ ತೆಗೆದುಬಿಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಆ ಮಾತು ನಂಬಬೇಡಿ. ಸುಳಿಯನ್ನು ಭಾರದಿಂದ ಒತ್ತಬಹುದು, ಅದು ಹೋಗುವ ಕಡೆಗೇ ಕೂದಲನ್ನು ಬಿಟ್ಟು ಕೆಲಸ ಸಾಧಿಸಬಹುದು, ಒಂದು ದಿನದ ಮಟ್ಟಿಗೆ ಬಿಸಿಗಾಳಿಯಿಂದ ಮಲಗಿಸಬಹುದು. ಇರುವ ದಾರಿ ಈ ಮೂರೇ.

ಸುಳಿಯಂತೆ ಕಂಡರೂ ಸುಳಿಯಲ್ಲದವು ಎರಡಿವೆ. ಒಂದು, ಹಣೆಯ ನಡುವೆ ಕೂದಲಿನಂಚು ಚೂಪಾಗಿ ಕೆಳಗಿಳಿದಿರುವುದು. ಇಲ್ಲೂ ಮುಂಗೂದಲು ಎರಡು ಹೋಳಾಗುತ್ತದೆ, ಆದರೆ ಬುಡ ಸುತ್ತಿಕೊಂಡಿರುವುದಿಲ್ಲ. ಬಿಸಿಗಾಳಿಗೆ ಸುಲಭವಾಗಿ ಬಗ್ಗುತ್ತದೆ. ಇನ್ನೊಂದು, ಹಣೆಯಂಚಿನಲ್ಲಿ ಎದ್ದು ನಿಲ್ಲುವ ತುಂಡು ಕೂದಲು. ಹೆರಿಗೆಯ ನಂತರ ಉದುರಿ ಹೊಸದಾಗಿ ಹುಟ್ಟುತ್ತಿರುವ ಕೂದಲು, ವರ್ಷಗಟ್ಟಲೆ ಜಡೆಯನ್ನೋ ತುರುಬನ್ನೋ ಬಿಗಿಯಾಗಿ ಎಳೆದು ಕಟ್ಟಿ ತುಂಡಾದ ಕೂದಲು ಎರಡೂ ಹೀಗೆ ಕಾಣುತ್ತವೆ. ಇಂಥವರಿಗೆ ಬೇಕಾದದ್ದು ಬೆಳೆಯಲು ಸಮಯ, ಮುಂಗುರುಳಲ್ಲ. ಬಿಗಿ ಕಟ್ಟುವ ರೂಢಿಯಿಂದ ಅಂಚು ತೆಳ್ಳಗಾಗಿರುವವರು ಉಳಿದ ಕೂದಲನ್ನೂ ಮುಂದಕ್ಕೆ ತಂದು ಕತ್ತರಿಸಿದರೆ ಬೋಳು ಇನ್ನಷ್ಟು ಎದ್ದು ಕಾಣುತ್ತದೆ.

ಪಾರ್ಲರಿಗೆ ಹೋಗುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಹಿಂದಿನ ದಿನ ಎಣ್ಣೆ ಹಚ್ಚಬೇಡಿ, ರಾತ್ರಿ ಜಡೆ ಹಾಕಿ ಮಲಗಬೇಡಿ. ಎಣ್ಣೆಯ ಭಾರ, ಜಡೆಯ ಎಳೆತ ಎರಡೂ ಸುಳಿಯನ್ನು ಮುಚ್ಚಿಬಿಡುತ್ತವೆ. ತಲೆ ತೊಳೆದು ಟವೆಲ್ಲಿನಿಂದ ಒತ್ತಿ ನೀರು ತೆಗೆದು, ಮುಂದಿನ ಕೂದಲನ್ನೆಲ್ಲ ಮುಖದ ಮೇಲೆ ಬಾಚಿ, ತಲೆ ಎರಡು ಸಲ ಅಲುಗಿಸಿ ಕೈ ಹಚ್ಚದೆ ಒಣಗಲು ಬಿಡಿ. ಒಣಗಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಬಿರಿದ ಜಾಗ ಕಾಣುತ್ತದೆ. ಬಿರುಕು ಒಂದು ಸೆಂಟಿಮೀಟರಿಗಿಂತ ಕಡಿಮೆ ಇದ್ದು, ಬೆರಳಿನಿಂದ ಒತ್ತಿದರೆ ಮುಚ್ಚಿಕೊಂಡರೆ ಅದು ಮೆತ್ತನೆಯ ಸುಳಿ. ಎರಡು ಸೆಂಟಿಮೀಟರ್ ದಾಟಿ, ಒತ್ತಿದರೂ ಬೆರಳು ತೆಗೆದ ಕೂಡಲೇ ಮೇಲೇಳುತ್ತಿದ್ದರೆ ಅದು ಗಟ್ಟಿ ಸುಳಿ. ಬುಡದ ಕೂದಲು ಎಡಕ್ಕೆ ವಾಲಿದೆಯೋ ಬಲಕ್ಕೋ ನೋಡಿಟ್ಟುಕೊಳ್ಳಿ, ಆ ಸ್ಥಿತಿಯಲ್ಲೇ ಒಂದು ಫೋಟೋ ತೆಗೆದುಕೊಳ್ಳಿ. ನಟಿಯರ ಫೋಟೋಗಿಂತ ಪಾರ್ಲರಿನವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಫೋಟೋ.

ಮಾತಿನ ತೊಡಕಿನಿಂದ ಕೆಟ್ಟ ಕಟ್‌ಗಳೂ ಕಡಿಮೆಯಿಲ್ಲ. ಬೆಳಗಾವಿಯಲ್ಲಿ ಮರಾಠಿ ಮನೆಮಾತಿನ ಪಾರ್ಲರಿನವರೊಂದಿಗೆ ‘ಭೋವರಾ’ ಎಂದರೆ ತಟ್ಟನೆ ತಿಳಿಯುತ್ತದೆ. ತರಬೇತಿ ಪಡೆದು ಬಂದ ಹುಡುಗರಿಗೆ ‘ಕೌಲಿಕ್’ ಎಂದರೂ ಗೊತ್ತು. ನಮ್ಮ ‘ಸುಳಿ’ಯಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಎತ್ತು ಕೊಳ್ಳುವ ಮುನ್ನ ಸುಳಿ ನೋಡುವ ಸೀಮೆ ಇದು. ತೊಡಕಿರುವುದು ಕಟ್ಟಿನ ಹೆಸರಿನಲ್ಲಿ. ‘ಫ್ಲಿಕ್ಸ್’ ಎಂದರೆ ಒಬ್ಬರು ಕೆನ್ನೆಯವರೆಗೆ ಓರೆಯಾಗಿ ಇಳಿಯುವ ಕೂದಲು ಎಂದುಕೊಂಡರೆ, ಇನ್ನೊಬ್ಬರು ಹುಬ್ಬಿನ ಮೇಲಿನ ತುಂಡು ಕೂದಲು ಎಂದುಕೊಳ್ಳುತ್ತಾರೆ. ‘ಫ್ರಂಟ್ ಕಟ್’ ಎಂದರೆ ಹಿರಿಯರು ಕೆಲವರು ಸಾಧನಾ ಕಟ್‌ನಂತೆ ಹಣೆ ಮುಚ್ಚುವ ಕಟ್ ಮಾಡಿಬಿಡುತ್ತಾರೆ. 1960ರಲ್ಲಿ ಹಿಂದಿ ನಟಿ ಸಾಧನಾ ತಮ್ಮ ಅಗಲ ಹಣೆ ಮರೆಸಲು ಬಿಟ್ಟುಕೊಂಡ ಮುಂಗುರುಳು ಅದು. ಹೆಸರು ಹೇಳುವ ಬದಲು ಬೆರಳಿಟ್ಟು ತೋರಿಸುವುದೇ ಸುರಕ್ಷಿತ: ಹುಬ್ಬು, ಮೂಗಿನ ನಡು, ಮೂಗಿನ ತುದಿ, ಕೆನ್ನೆಯ ಎಲುಬು. “ಅಕ್ಕಾರ, ಇಲ್ಲಿ ಸುಳಿ ಐತ್ರಿ. ಮೊದಲು ಪೂರ್ತಿ ಒಣಗಸ್ರಿ, ಆಮ್ಯಾಲೆ ಮೂಗಿನ ತುದಿ ಮಟ್ಟಕ್ಕ ಬಿಟ್ಟು ಕತ್ತರಸ್ರಿ, ಸಣ್ಣ ಮಾಡೋದು ಕಡೀಕ ನೋಡೋಣು” ಎಂದರೆ ಸಾಕು. ಕೆಲಸ ಬಲ್ಲವರು ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ. ಬೇಸರಪಟ್ಟುಕೊಂಡರೆ ಅಲ್ಲಿಂದ ಏಳುವುದು ಮೇಲು.

ಈಗ ಯಾವ ಬಗೆಯ ಮುಂಗುರುಳು ಯಾರಿಗೆ ಎಂಬುದು.

ಹಣೆಯ ಒಂದು ಬದಿಗೆ ಸುಳಿ ಇದ್ದವರಿಗೆ ಓರೆ ಮುಂಗುರುಳೇ ಮೊದಲ ಆಯ್ಕೆ. ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಇದಕ್ಕೇ. ಸುಳಿಯ ಕೂದಲು ಬಲಕ್ಕೆ ವಾಲಿದ್ದರೆ ಮುಂಗುರುಳೂ ಬಲಕ್ಕೇ ಇಳಿಯಬೇಕು, ಬೈತಲೆ ಸುಳಿಯ ಎಡಕ್ಕೆ ಬರಬೇಕು. ಅತಿ ಗಿಡ್ಡ ತುದಿ ಹುಬ್ಬಿನ ಕೆಳಗೆ, ಅತಿ ಉದ್ದ ತುದಿ ಕೆನ್ನೆಯ ಎಲುಬಿಗೆ ಅಥವಾ ಇನ್ನೂ ಕೆಳಗೆ. ಇಷ್ಟು ಉದ್ದ ಬಿಟ್ಟರೆ ಸುಳಿ ಕೊಡುವ ಎತ್ತುವಿಕೆ ಬುಡದಲ್ಲಿ ಚಂದದ ಉಬ್ಬಾಗಿ ಕಾಣುತ್ತದೆ. ಬೇರೆಯವರು ರೋಲರ್ ಹಾಕಿ ತರಿಸಿಕೊಳ್ಳುವ ಉಬ್ಬು ಸುಳಿಯವರಿಗೆ ಪುಕ್ಕಟೆ ಸಿಕ್ಕಂತೆ. ‘ಈ ಕಡೆ ನಿಮ್ಮ ಮುಖಕ್ಕೆ ಒಪ್ಪುತ್ತದೆ’ ಎಂದು ಸುಳಿಗೆ ಎದುರು ದಿಕ್ಕಿಗೆ ತಿರುಗಿಸಿ ಕತ್ತರಿಸಿದರೆ ಮಾತ್ರ ದಿನಾ ಬೆಳಿಗ್ಗೆ ಡ್ರೈಯರ್ ಹಿಡಿದು ಜಗಳ ಆಡಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗೆಲ್ಲುವುದು ಸುಳಿಯೇ.

ಸುಳಿ ನಟ್ಟನಡುವೆ ಇದ್ದರೆ ಕರ್ಟನ್ ಬ್ಯಾಂಗ್ಸ್, ಅಂದರೆ ನಡುಬೈತಲೆಯಿಂದ ಪರದೆಯಂತೆ ಎರಡೂ ಕಡೆ ಇಳಿಯುವ ಮುಂಗುರುಳು. ಸುಳಿ ತಾನಾಗಿ ಬಿರಿಯುವ ಜಾಗವನ್ನೇ ಬೈತಲೆ ಮಾಡಿಕೊಳ್ಳುವ ಉಪಾಯ ಇದು. ನಡುವಿನ ಕೂದಲು ಮೂಗಿನ ನಡುವಿನವರೆಗಾದರೂ ಇರಬೇಕು, ಬದಿಯದು ಕೆನ್ನೆಯ ಎಲುಬು ದಾಟಬೇಕು. ನಮ್ಮ ಕಡೆ ಇದಕ್ಕೆ ಇನ್ನೊಂದು ಅನುಕೂಲವೂ ಇದೆ: ಹಣೆಯ ನಡು ಬಯಲಾಗಿರುವುದರಿಂದ ಕುಂಕುಮಕ್ಕೆ, ವಿಭೂತಿಗೆ ಕೂದಲು ತಾಗುವುದಿಲ್ಲ. ಹುಬ್ಬಿನ ಮಟ್ಟದ ನೇರ ಮುಂಗುರುಳು ಬಿಟ್ಟವರಿಗೆ ಸಂಜೆಯಾಗುವಷ್ಟರಲ್ಲಿ ಕುಂಕುಮ ಹಣೆಯ ತುಂಬ ಹರಡಿ, ಕೂದಲ ತುದಿಗೂ ಅಂಟಿರುತ್ತದೆ. ಮನೆಯ ಹಿರಿಯರು ಮುಂಗುರುಳು ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ. ಮದುವೆ, ಕಾರ್ಯಗಳಿಗೆ ಎರಡೂ ಬದಿಯದನ್ನು ಹಿಂದಕ್ಕೆ ತಿರುಚಿ ಪಿನ್ ಹಾಕಿದರೆ ಮುಂಗುರುಳು ಇರುವುದೇ ಗೊತ್ತಾಗದು.

ನೇರವಾದ, ದಟ್ಟ ಮುಂಗುರುಳು ಸುಳಿಯವರಿಗೆ ಬೇಡವೇ ಬೇಡ ಎಂದು ಹಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕೂದಲು ದಪ್ಪವಾಗಿದ್ದು ಸುಳಿ ಮೆತ್ತಗಿದ್ದರೆ ಚೆನ್ನಾಗಿಯೇ ಬರುತ್ತದೆ. ಆದರೆ ಮುಂಗುರುಳಿನ ಪಾಲು ಆಳವಾಗಿ ಶುರುವಾಗಬೇಕು, ಹಣೆಯಂಚಿನಿಂದ ಐದರಿಂದ ಏಳು ಸೆಂಟಿಮೀಟರ್ ಹಿಂದಿನಿಂದ. ಹಿಂದಿನಿಂದ ಬರುವ ಕೂದಲಿಗೆ ಸುಳಿ ಇಲ್ಲ, ಅದು ನೇರವಾಗಿ ಬಿದ್ದು ಕೆಳಗಿನ ಸುಳಿಯ ಕೂದಲನ್ನು ಕಂಬಳಿ ಹೊದಿಸಿದಂತೆ ಒತ್ತಿ ಹಿಡಿಯುತ್ತದೆ. ಇದೇ ಕಾರಣಕ್ಕೆ ಈಚೆಗೆ ಹುಡುಗಿಯರು ಕೇಳುವ ಕೊರಿಯನ್ ಮಾದರಿಯ ತೆಳು ಮುಂಗುರುಳು, ಹಣೆ ಕಾಣುವಂತೆ ಬೆರಳೆಣಿಕೆಯ ಎಳೆ ಬಿಡುವುದು, ಗಟ್ಟಿ ಸುಳಿಯವರಿಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಒತ್ತಿ ಹಿಡಿಯಲು ಭಾರವೇ ಇರುವುದಿಲ್ಲ. ಹುಬ್ಬಿನ ಮೇಲೆಯೇ ನಿಲ್ಲುವ ಗಿಡ್ಡ ಮುಂಗುರುಳೂ ಅಷ್ಟೇ. ಈ ಎರಡನ್ನೂ ಕೇಳಿಕೊಂಡು ಬಂದ ಗಿರಾಕಿಗೆ ‘ನಿಮಗೆ ಆಗೋದಿಲ್ರಿ’ ಎಂದು ತಿಳಿಸಿ ಹೇಳುವ ಪಾರ್ಲರ್ ನಿಮ್ಮ ಪಾಲಿಗೆ ಒಳ್ಳೆಯ ಪಾರ್ಲರ್.

ಗುಂಗುರು ಕೂದಲಿನವರಿಗೆ ಸುಳಿಯ ಚಿಂತೆ ಕಡಿಮೆ, ಸುರುಳಿಗಳೇ ಬಿರುಕು ಮುಚ್ಚುತ್ತವೆ. ಒಣಗಿದ ಕೂದಲನ್ನೇ ಸುರುಳಿ ಸುರುಳಿಯಾಗಿ ಕತ್ತರಿಸಬೇಕು, ರೇಜರ್ ತಾಗಿಸಬಾರದು ಎಂಬುದಷ್ಟೇ ನೆನಪಿರಲಿ. ಕನ್ನಡಕ ಹಾಕುವವರು ಕನ್ನಡಕ ಹಾಕಿಯೇ ಉದ್ದ ನೋಡಿಸಿಕೊಳ್ಳಿ. ಹುಬ್ಬಿನ ಮಟ್ಟದ ಕೂದಲು ಫ್ರೇಮಿಗೆ ತಾಗಿ ಹೊರಕ್ಕೆ ಚಾಚುತ್ತದೆ.

ಕತ್ತರಿಸುವ ಕ್ರಮ ಗೊತ್ತಿದ್ದರೆ ಕುರ್ಚಿಯಲ್ಲಿ ಕೂತಾಗ ಎಲ್ಲಿ ತಪ್ಪುತ್ತಿದೆ ಎಂದು ಹೇಳಬಹುದು. ಮೊದಲು ತಲೆ ತೊಳೆಯಬೇಕು, ಕಂಡೀಷನರ್ ತುದಿಗೆ ಮಾತ್ರ. ನಂತರ ಬುಡವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಚುತ್ತ ಪೂರ್ತಿ ಒಣಗಿಸಬೇಕು. ಆಮೇಲೆ ನೆತ್ತಿಯ ಕಡೆ ಒಂದು ತುದಿ, ಎರಡು ಹುಬ್ಬುಗಳ ಹೊರ ಅಂಚಿನ ನೇರಕ್ಕೆ ಎರಡು ತುದಿ ಬರುವಂತೆ ತ್ರಿಕೋನವಾಗಿ ಮುಂಗುರುಳಿನ ಪಾಲು ತೆಗೆದು, ಉಳಿದದ್ದಕ್ಕೆ ಕ್ಲಿಪ್ ಹಾಕಬೇಕು. ಹೆಚ್ಚಿನ ಕಟ್ ಕೆಡುವುದು ಇಲ್ಲೇ. ತ್ರಿಕೋನದ ಗೆರೆ ಸುಳಿಯ ಮೇಲೆ ಹಾದುಹೋಗಬಾರದು. ಹಾದುಹೋದರೆ ಸುಳಿಯ ಅರ್ಧ ಕೂದಲು ಗಿಡ್ಡ, ಅರ್ಧ ಉದ್ದವಾಗಿ, ಗಿಡ್ಡ ಪಾಲು ಕೊಂಬಿನಂತೆ ಎದ್ದು ನಿಲ್ಲುತ್ತದೆ. ಇಡೀ ಸುಳಿ ಮುಂಗುರುಳಿನೊಳಗೆ ಬರಬೇಕು, ಅದರ ಹಿಂದೆಯೂ ಎರಡು ಸೆಂಟಿಮೀಟರ್ ಕೂದಲು ಸೇರಬೇಕು. ಇಲ್ಲವೇ ಇಡೀ ಸುಳಿ ಹೊರಗೆ ಉಳಿಯಬೇಕು.

ಮೊದಲ ಕತ್ತರಿ ಮೂಗಿನ ತುದಿಯ ಮಟ್ಟಕ್ಕೆ. ಕೂದಲನ್ನು ಬೆರಳಿನಿಂದ ಬಿಗಿದು ಎಳೆಯಬಾರದು, ಹಣಿಗೆಯ ಹಲ್ಲಿನಲ್ಲಿ ಹಗುರಾಗಿ ಹಿಡಿದರೆ ಸಾಕು. ಒದ್ದೆ ಕೂದಲು ಎಳೆದರೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಸುಳಿ ಮೇಲೆತ್ತುವುದು ಬೇರೆ. ಎರಡೂ ಸೇರಿ ಒಂದರಿಂದ ಎರಡು ಸೆಂಟಿಮೀಟರ್ ಮೇಲೆ ಹೋಗುವುದು ಸಾಮಾನ್ಯ. ಹುಬ್ಬಿನ ಮಟ್ಟಕ್ಕೆಂದು ಕತ್ತರಿಸಿದ್ದು ಹಣೆಯ ನಡುವಿಗೆ ಹೋಗುವುದು ಹೀಗೆ. ಕೂದಲು ಬಿಟ್ಟು, ತಾನಾಗಿ ಬಿದ್ದ ಮೇಲೆ ನೋಡಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬರಬೇಕು. ಸುಳಿಯ ಬದಿಯಲ್ಲಿ ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದ ಬಿಡಬೇಕು. ಬಾಚಿದಾಗ ಅದು ಸೊಟ್ಟ ಕಾಣುತ್ತದೆ, ಒಣಗಿ ಎದ್ದಾಗ ಸಮ ಆಗುತ್ತದೆ. ತುದಿ ಮೃದುಗೊಳಿಸಲು ಕತ್ತರಿಯನ್ನು ನೆಟ್ಟಗೆ ಹಿಡಿದು ಕೆಳಗಿನ ಒಂದು ಸೆಂಟಿಮೀಟರಿನಲ್ಲಿ ಮಾತ್ರ ಚುಚ್ಚಿ ಚುಚ್ಚಿ ಕತ್ತರಿಸಬಹುದು. ಹಲ್ಲಿನ ಕತ್ತರಿ, ಅದೇ ತಿನ್ನಿಂಗ್ ಕತ್ತರಿ, ಬುಡದ ಹತ್ತಿರ ಬರಲೇಬಾರದು. ‘ಭಾಳ ದಟ್ಟ ಐತಿ, ಸ್ವಲ್ಪ ತೆಳು ಮಾಡ್ತೀನಿ’ ಎಂದು ಅದನ್ನು ಬುಡಕ್ಕೆ ಹಾಕಿದರೆ ಒಳಗೆ ಹುಟ್ಟುವ ತುಂಡು ಕೂದಲುಗಳು ಸುಳಿಯ ಜೊತೆ ಸೇರಿ ಮೇಲಿನ ಉದ್ದ ಕೂದಲನ್ನೂ ಎತ್ತುತ್ತವೆ. ಕೊನೆಗೆ ಮುಂಗುರುಳಿಗೆ ನೀರು ಚಿಮುಕಿಸಿ, ಡ್ರೈಯರ್ ಇಲ್ಲದೆ ಒಣಗಲು ಬಿಟ್ಟು ಇನ್ನೊಮ್ಮೆ ನೋಡುವವರು ಸಿಕ್ಕರೆ ಆ ಪಾರ್ಲರನ್ನು ಬಿಡಬೇಡಿ. ಮನೆಯಲ್ಲಿ ನಿಮ್ಮ ಮುಂಗುರುಳು ಹೇಗಿರುತ್ತದೆ ಎಂಬುದು ಆಗಲೇ ಗೊತ್ತಾಗುವುದು.

ಸಲೂನುಗಳ ಬಗೆಗೆ ಬರೋಣ. ಗಲ್ಲಿಗಳಲ್ಲಿರುವ ಮನೆ ಪಾರ್ಲರುಗಳ ಬಲ ಸಮಯ. ಒಬ್ಬರೇ ಇರುತ್ತಾರೆ, ನಿಮ್ಮ ತಲೆ ವರ್ಷಗಟ್ಟಲೆ ನೋಡಿರುತ್ತಾರೆ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ಕೊರತೆ ಸಲಕರಣೆಯದು. ಡ್ರೈಯರ್ ಇದ್ದರೂ ಅದರ ಚಪ್ಪಟೆ ಮೂತಿ, ಅಂದರೆ ನಾಝಲ್, ಕಳೆದುಹೋಗಿರುತ್ತದೆ. ತಲೆ ತೊಳೆಯುವ ಬೇಸಿನ್ ಇರುವುದಿಲ್ಲ. ಇಲ್ಲಿಗೆ ಹೋಗುವಾಗ ಮನೆಯಲ್ಲೇ ತಲೆ ತೊಳೆದು ಒಣಗಿಸಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ದೊಡ್ಡ ಯುನಿಸೆಕ್ಸ್ ಸಲೂನುಗಳಲ್ಲಿ ಬೇಸಿನ್, ಡ್ರೈಯರ್, ಬಗೆಬಗೆಯ ಬ್ರಷ್ ಎಲ್ಲ ಇರುತ್ತವೆ, ಕೈಯೂ ಪಳಗಿರುತ್ತದೆ. ಅಲ್ಲಿನ ತೊಂದರೆ ಅವಸರ. ಒದ್ದೆಯಲ್ಲೇ ಕತ್ತರಿಸಿ, ರೌಂಡ್ ಬ್ರಷ್ ಹಾಕಿ ಬ್ಲೋ ಡ್ರೈ ಮಾಡಿ, ಹೊಳೆಯುವ ಮುಂಗುರುಳು ತೋರಿಸಿ ಕಳಿಸಿದರೆ ನಿಜ ತಿಳಿಯುವುದು ಮುಂದಿನ ಸ್ನಾನಕ್ಕೆ. ಅಲ್ಲಿಗೆ ಹೋಗುವುದಾದರೆ ವಾರದ ನಡುವೆ, ಬೆಳಗಿನ ಹೊತ್ತು ಹೋಗಿ. ಭಾನುವಾರ, ಹಬ್ಬದ ಹಿಂದಿನ ದಿನ, ಮದುವೆ ಸುಗ್ಗಿಯಲ್ಲಿ ಸುಳಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಮುಂಗುರುಳು ಮಾತ್ರ ಕತ್ತರಿಸಿದರೆ ಪೂರ್ತಿ ಹೇರ್ ಕಟ್ಟಿನ ಬಿಲ್ಲೋ, ಬೇರೆ ದರವೋ ಎಂದು ಕೂರುವ ಮೊದಲೇ ಕೇಳಿಕೊಳ್ಳಿ.

ಹಳೆಯ ಗಂಡಸರ ಕಟಿಂಗ್ ಅಂಗಡಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಳಿ ಓದುವ ಕಣ್ಣು ಅಲ್ಲಿ ಹೆಚ್ಚು ಹರಿತ. ಗಿಡ್ಡ ಕೂದಲಿನಲ್ಲಿ ಸುಳಿ ಅಡಗುವುದಿಲ್ಲ, ತಪ್ಪಿದರೆ ಅಲ್ಲೇ ಕಾಣುತ್ತದೆ, ಅದಕ್ಕೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟ್ ಕೇಂದ್ರ ಇರುವ ಊರಾದ್ದರಿಂದ ಮಿಲಿಟರಿ ಕಟ್ ಇಲ್ಲಿನವರಿಗೆ ಹೊಸದಲ್ಲ. ಅದರಿಂದಲೇ ಒಂದು ಪಾಠ ಕಲಿಯಬಹುದು: ಒಂದು ಸೆಂಟಿಮೀಟರಿಗಿಂತ ಗಿಡ್ಡ ಕೂದಲಿನಲ್ಲಿ ಸುಳಿ ಕಂಡರೂ ಏಳುವುದಿಲ್ಲ. ಎರಡರಿಂದ ನಾಲ್ಕು ಸೆಂಟಿಮೀಟರ್ ಉದ್ದದಲ್ಲಿ ಅದರ ಕಾಟ ಅತಿ ಹೆಚ್ಚು. ಏಳೆಂಟು ಸೆಂಟಿಮೀಟರ್ ದಾಟಿದ ಮೇಲೆ ಕೂದಲಿನ ಭಾರವೇ ಅದನ್ನು ತಗ್ಗಿಸುತ್ತದೆ. ಮುಂದಕ್ಕೆ ಬಾಚುವ ಕ್ರಾಪ್ ಬೇಕೆನ್ನುವ ಹುಡುಗರು ಮುಂಗೂದಲನ್ನು ಆರೇಳು ಸೆಂಟಿಮೀಟರಾದರೂ ಬಿಡಿಸಿಕೊಳ್ಳಬೇಕು, ನೇರ ಅಂಚು ಬೇಡ, ಒರಟು ಅಂಚು ಇರಲಿ. ಒರಟು ಅಂಚಿನಲ್ಲಿ ಒಂದೆರಡು ಎಳೆ ಎದ್ದರೂ ಅದೇ ಶೈಲಿ ಅನಿಸುತ್ತದೆ. ಗಟ್ಟಿ ಸುಳಿ ಮುಂಭಾಗದಲ್ಲಿದ್ದರೆ ಮುಂದಕ್ಕೆ ಬಾಚುವ ಹಟ ಬಿಟ್ಟು ಮೇಲೆತ್ತಿ ಬಾಚುವ ಕಟ್ ಮಾಡಿಸಿಕೊಳ್ಳುವುದೇ ಚಂದ. ನೆತ್ತಿಯ ಸುಳಿಯ ಹತ್ತಿರ ಮಷಿನ್ ಹಾಕಿ ಗಿಡ್ಡ ಮಾಡಿದರೆ ಹಿಂದೆ ಜುಟ್ಟು ಏಳುತ್ತದೆ, ಅಲ್ಲಿ ಉದ್ದ ಉಳಿಸಲು ಹೇಳಿ. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಹಿರಿಯರು ಹೇಳುವುದುಂಟು. ಕತ್ತರಿ ಹಿಡಿದವರಿಗೆ ಅದರ ಅರ್ಥ ಇಷ್ಟೇ, ಎರಡು ಸುಳಿಯ ನಡುವಿನ ಕೂದಲು ಸದಾ ನೆಟ್ಟಗೆ ನಿಲ್ಲುತ್ತದೆ, ಅಲ್ಲಿ ಗಿಡ್ಡ ಮಾಡಬಾರದು.

ಮುಂಗೂದಲಿಗೆ ಮಾತ್ರ ಸ್ಮೂದನಿಂಗ್ ಅಥವಾ ರಿಬಾಂಡಿಂಗ್ ಮಾಡಿಸಿಕೊಳ್ಳಿ, ಸುಳಿ ಮಲಗುತ್ತದೆ ಎಂಬ ಸಲಹೆಗೆ ನಮ್ಮದು ಸ್ಪಷ್ಟ ವಿರೋಧ. ಈ ಕ್ರೀಮುಗಳು ಕೂದಲೊಳಗಿನ ಗಟ್ಟಿ ಬಂಧಗಳನ್ನು ಬಿಡಿಸಿ, ನೇರಗೊಳಿಸಿದ ಮೇಲೆ ಮತ್ತೆ ಕೂಡಿಸುತ್ತವೆ. ಚರ್ಮ ಸುಡುವುದರಿಂದ ಬುಡದ ಅರ್ಧದಿಂದ ಒಂದು ಸೆಂಟಿಮೀಟರ್ ಬಿಟ್ಟೇ ಹಚ್ಚಬೇಕು. ಸುಳಿಯ ಶಕ್ತಿ ಇರುವುದು ಆ ಬಿಟ್ಟ ಜಾಗದಲ್ಲೇ. ಕೂದಲು ತಿಂಗಳಿಗೆ ಹತ್ತಿರ ಹತ್ತಿರ 1.25 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಲ್ಲಿ ಬುಡದಲ್ಲಿ ಸುಳಿ ಎದ್ದು, ತುದಿ ಕಡ್ಡಿಯಂತೆ ನೇರವಾಗಿ ಉಳಿದು, ಮೊದಲಿಗಿಂತ ವಿಕಾರವಾಗಿ ಕಾಣುತ್ತದೆ. ಅದೂ ಕಣ್ಣಿಗೆ ಅಷ್ಟು ಹತ್ತಿರ. ಕೆರಟಿನ್ ಹೆಸರಿನ ಕೆಲವು ದ್ರಾವಣಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ, ಕಣ್ಣು, ಗಂಟಲು ಉರಿಯುವುದು ಅದರಿಂದಲೇ. ಅದಿಲ್ಲ ಎಂದು ಮಾರುವ ಕೆಲವುದರಲ್ಲಿ ಗ್ಲಯಾಕ್ಸಿಲಿಕ್ ಆಮ್ಲ ಇರುತ್ತದೆ, ಅದರಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಡಬ್ಬಿಯ ಮೇಲಿನ ಪಟ್ಟಿ ಓದದೆ ಇಂಥದ್ದನ್ನು ಹಣೆಯಂಚಿಗೆ ಹಚ್ಚಿಸಿಕೊಳ್ಳಬೇಡಿ.

ಅದಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಡ್ರೈಯರ್ ಕೊಳ್ಳಿ. ಸಾವಿರದಿಂದ 1200 ವ್ಯಾಟ್‌ನ ಸಣ್ಣದು ಮುಂಗುರುಳಿಗೆ ಧಾರಾಳ ಸಾಕು, ಚಪ್ಪಟೆ ನಾಝಲ್ ಮತ್ತು ತಣ್ಣನೆಯ ಗಾಳಿಯ ಬಟನ್ ಇರಲೇಬೇಕು. ಇವೆರಡು ಇಲ್ಲದ ದುಬಾರಿ ಡ್ರೈಯರಿಗಿಂತ ಇರುವ ಅಗ್ಗದ್ದೇ ವಾಸಿ. ಬಳಸುವ ರೀತಿ ಹೀಗೆ: ಸ್ನಾನ ಮುಗಿದ ಕೂಡಲೇ, ಬೇರೆ ಕೆಲಸಕ್ಕೆ ಹೋಗುವ ಮೊದಲು ಮುಂಗುರುಳು ಒಣಗಿಸಬೇಕು. ಹತ್ತು ನಿಮಿಷ ಬಿಟ್ಟರೆ ಬುಡ ಸುಳಿಯ ದಿಕ್ಕಿಗೇ ಒಣಗಿ ಕೂರುತ್ತದೆ. ಗಾಳಿ ಮೇಲಿನಿಂದ ಕೆಳಕ್ಕೆ ಬೀಸಬೇಕು. ಹಣಿಗೆಯಿಂದ ಇಡೀ ಮುಂಗುರುಳನ್ನು ಹಣೆಗೆ ಒತ್ತಿ ಎಡಕ್ಕೆ ಐದಾರು ಸಲ, ಬಲಕ್ಕೆ ಐದಾರು ಸಲ, ಬುಡ ಪೂರ್ತಿ ಒಣಗುವವರೆಗೆ. ಎರಡೂ ದಿಕ್ಕಿಗೆ ಎಳೆದಾಗ ಬುಡಕ್ಕೆ ಯಾವ ಕಡೆಯ ಹಟವೂ ಉಳಿಯದೆ ನಡುವೆ ಬೀಳುತ್ತದೆ. ಕೊನೆಗೆ ಹದಿನೈದಿಪ್ಪತ್ತು ಸೆಕೆಂಡು ತಣ್ಣನೆಯ ಗಾಳಿ. ಅದರ ಮೇಲೆ ಗೆರೆ ಬೀಳದ ಚಪ್ಪಟೆ ಕ್ಲಿಪ್ ಎರಡು ಹಾಕಿ ಸೀರೆ ಉಡುವಷ್ಟು ಹೊತ್ತು ಬಿಡಿ. ರೌಂಡ್ ಬ್ರಷ್ಷಿನಿಂದ ಶುರು ಮಾಡಬೇಡಿ, ಅದು ಸುಳಿಯನ್ನು ಇನ್ನಷ್ಟು ಎತ್ತುತ್ತದೆ. ಸ್ಟ್ರೇಟ್ನರ್ ಬೇಕೇ ಬೇಕೆಂದರೆ ಪೂರ್ತಿ ಒಣಗಿದ ಕೂದಲಿಗೆ 150 ಡಿಗ್ರಿ ಆಸುಪಾಸು, ಒಂದೇ ಸಲ. ಜೆಲ್ ಅಥವಾ ಮೂಸ್ (ಕೂದಲು ಕೂರಿಸುವ ನೊರೆ) ಬಟಾಣಿ ಕಾಳಿನಷ್ಟು, ಒದ್ದೆ ಬುಡಕ್ಕೆ ಮಾತ್ರ. ಸೀರಮ್ಮನ್ನೂ ಕೊಬ್ಬರಿ ಎಣ್ಣೆಯನ್ನೂ ಮುಂಗುರುಳಿನ ಬುಡಕ್ಕೆ ಹಚ್ಚಬೇಡಿ. ಎಳೆಗಳು ಗುಂಪುಗೂಡಿ ಬಿರುಕು ಇನ್ನೂ ಅಗಲವಾಗುತ್ತದೆ, ಹಣೆಯಲ್ಲಿ ಮೊಡವೆಯೂ ಏಳುತ್ತದೆ.

ನೀರು, ಹವೆ ಎರಡೂ ಲೆಕ್ಕಕ್ಕೆ ಬರುತ್ತವೆ. ಬಿಸಿಗಾಳಿಯಿಂದ ಕೂದಲು ಕೂರುವುದು ನೀರಿನಿಂದ ಬಿಡುವ ಸಡಿಲ ಬಂಧಗಳ ಬಲದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಗಾಳಿಯ ತೇವಕ್ಕೇ ಅವು ಸಡಿಲಾಗಿ ಸುಳಿ ಏಳುತ್ತದೆ. ಮಳೆಗಾಲದಲ್ಲಿ ಮೊದಲ ಸಲ ಮುಂಗುರುಳು ಬಿಡಿಸುವವರು ಓರೆಯದೋ ಕರ್ಟನ್ನೋ ಬಿಟ್ಟು ಬೇರೆ ಯೋಚಿಸಬೇಡಿ. ವಿಜಯಪುರ, ಬಾಗಲಕೋಟೆ ಕಡೆ ಒಣಹವೆಯಿಂದ ಬ್ಲೋ ಡ್ರೈ ಹೆಚ್ಚು ಹೊತ್ತು ನಿಲ್ಲುತ್ತದೆ. ಅಲ್ಲಿಯ ಕಾಟ ಏಪ್ರಿಲ್, ಮೇ ತಿಂಗಳ ಬೆವರು ಮತ್ತು ಬೋರ್‌ವೆಲ್ಲಿನ ಗಡಸು ನೀರು. ಗಡಸು ನೀರಿನ ಸುಣ್ಣ ಕೂದಲ ಮೇಲೆ ಕೂತು ಎಳೆ ಒರಟಾಗಿ ಬಗ್ಗದಂತಾಗುತ್ತದೆ. ಮುಂಗುರುಳಿಗಾದರೂ ಕೊನೆಯ ಒಂದು ತಂಬಿಗೆ ಆರ್‌ಒ ಫಿಲ್ಟರಿನ ನೀರು ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ಸ್ಕೂಟಿ ಓಡಿಸುವವರು ಹೆಲ್ಮೆಟ್ಟಿಗೆ ಮೊದಲು ಮುಂಗುರುಳನ್ನು ಸುಳಿಯ ದಿಕ್ಕಿಗೆ ಬಾಚಿ ಮೇಲೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಳ್ಳಿ. ಎದುರು ದಿಕ್ಕಿಗೆ ಮಡಚಿಕೊಂಡು ಬೆವರಿದರೆ ಆಫೀಸು ಮುಟ್ಟುವಷ್ಟರಲ್ಲಿ ಹೊಸ ಸುಳಿಯೇ ಮೂಡಿರುತ್ತದೆ.

ಇಷ್ಟಾದರೂ ಧೈರ್ಯ ಸಾಲದವರಿಗೆ ಕ್ಲಿಪ್ಪಿನ ಮುಂಗುರುಳು ಒಳ್ಳೆಯ ಪರೀಕ್ಷೆ. ಒಂದು ವಾರ ಹಾಕಿಕೊಂಡು ಓಡಾಡಿದರೆ ಹಣೆ ಮುಚ್ಚಿಕೊಂಡಿರುವುದು ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕ್ಲಿಪ್ಪನ್ನು ಸುಳಿಯ ಎರಡು ಮೂರು ಸೆಂಟಿಮೀಟರ್ ಹಿಂದೆ ಹಾಕಿ, ಸುಳಿಯ ಮೇಲೆಯೇ ಹಾಕಿದರೆ ಜಾರುತ್ತದೆ. ಸಿಂಥೆಟಿಕ್ ಕೂದಲಿಗೆ ಸ್ಟ್ರೇಟ್ನರ್ ತಾಗಿಸಿದರೆ ಕರಗಿ ಸುಟ್ಟ ವಾಸನೆ ಬರುತ್ತದೆ.

ಈಗಾಗಲೇ ಗಿಡ್ಡ ಕತ್ತರಿಸಿ ಕೆಟ್ಟಿದ್ದರೆ ಸರಿಪಡಿಸಲು ಹೋಗಿ ಇನ್ನೂ ಕತ್ತರಿಸಬೇಡಿ. ಹುಬ್ಬಿನಿಂದ ಕೆನ್ನೆಯ ಎಲುಬಿಗೆ ಆರು ಸೆಂಟಿಮೀಟರ್ ಹಿಡಿದರೆ ಸುಮಾರು ಐದು ತಿಂಗಳು ಬೇಕು. ಅಲ್ಲಿಯವರೆಗೆ ಸುಳಿ ಹೋಗುವ ಕಡೆಗೆ ತಿರುಚಿ ಎರಡು ಸಣ್ಣ ಪಿನ್ ಹಾಕಿ, ಬದಿಯ ಕೂದಲನ್ನು ಮಾತ್ರ ಸ್ವಲ್ಪ ಹೊಂದಿಸಿಕೊಳ್ಳಿ. ಚೆನ್ನಾಗಿ ಬಂದಿದ್ದರೆ ನೇರ ಮುಂಗುರುಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ, ಓರೆಗೂ ಕರ್ಟನ್ನಿಗೂ ಆರೆಂಟು ವಾರಕ್ಕೊಮ್ಮೆ ಟ್ರಿಮ್ ಬೇಕಾಗುತ್ತದೆ. ಆಗ ಬೇರೆ ಯಾರಾದರೂ ಕತ್ತರಿ ಹಿಡಿದರೆ, ಸುಳಿಯ ಬದಿಯ ಆ ಅರ್ಧ ಸೆಂಟಿಮೀಟರ್ ಉದ್ದವನ್ನು ತಪ್ಪೆಂದು ಭಾವಿಸಿ ಸಮ ಮಾಡಿಬಿಡುತ್ತಾರೆ. ಅದು ಬೇಕೆಂದೇ ಬಿಟ್ಟದ್ದು ಎಂದು ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿಬಿಡಿ.